ಹಂಚು ದಪ್ಪ ಇರಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಗಂಗಾವತಿಯಲ್ಲಿ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ. ಪಂಪ್‌ಸೆಟ್ ಸ್ಟಾರ್ಟರ್ ಬೋರ್ಡು, ಇನ್ವರ್ಟರ್ ಬೋರ್ಡು, ತೌಡಿನ ಧೂಳು ಮೆತ್ತಿಕೊಂಡು ಬರುವ ರೈಸ್ ಮಿಲ್ ಬೋರ್ಡು. ಕೆಲಸ ಕಲಿಯಲು ಬರುವ ಹುಡುಗರೆಲ್ಲ ಮೊದಲು ಕೇಳುವುದು ಒಂದೇ: "ಅಣ್ಣಾ, ಎಷ್ಟು ವ್ಯಾಟಿನ ಸೋಲ್ಡರಿಂಗ್ ಐರನ್ ತಗೊಳ್ಳಲಿ?"

ಮೊದಲು ಬಿಟ್ ನೋಡಪ್ಪಾ ಅಂತೀನಿ. ಸೋಲ್ಡರಿಂಗ್ ಐರನ್ ಅಂದರೆ ಸೀಸ ಕರಗಿಸಿ ಬೋರ್ಡಿಗೆ ಬಿಡಿಭಾಗ ಬೆಸೆಯುವ ಬಿಸಿ ಕಡ್ಡಿ. ಬಿಟ್ ಅಂದರೆ ಅದರ ಮೂತಿ.

ಜೋಳದ ರೊಟ್ಟಿ ಹಂಚು ನೋಡಿದ್ದೀರಲ್ವಾ? ಹಂಚು ತೆಳ್ಳಗಿದ್ದರೆ ಹಸಿ ರೊಟ್ಟಿ ಬಿದ್ದ ಕೂಡಲೇ ತಣ್ಣಗಾಗುತ್ತದೆ. ಸೂಜಿ ಮೊನೆಯ ಬಿಟ್ಟಿನದೂ ಅದೇ ಪಾಡು. ಸ್ಟಾರ್ಟರ್ ಬೋರ್ಡಿನಲ್ಲಿ ರಿಲೇ ಎಂಬ ಸ್ವಿಚ್ಚಿನ ಕಾಲು ದಪ್ಪ, ಸುತ್ತ ಅಗಲವಾದ ತಾಮ್ರ. ಮೊನೆಯ ಕಾವನ್ನೆಲ್ಲ ಆ ತಾಮ್ರ ಎಳೆದುಕೊಳ್ಳುತ್ತದೆ, ಸೀಸ ಮುದ್ದೆಯಾಗಿ ನಿಲ್ಲುತ್ತದೆ. ಹುಡುಗ ಸುಮ್ನೆ 450 ಡಿಗ್ರಿಗೆ ತಿರುಗಿಸುತ್ತಾನೆ. ಸ್ವಲ್ಪ ಹೊತ್ತಿಗೆ ಬೋರ್ಡಿಗೆ ಅಂಟಿದ ತಾಮ್ರದ ಪ್ಯಾಡೇ ಕಿತ್ತು ಬರುತ್ತದೆ! ಅಲ್ಲಿಗೆ 2.4 ಮಿಲಿಮೀಟರಿನ ಉಳಿ ಮೂತಿಯ ಬಿಟ್ ಹಾಕಿ. 350 ಡಿಗ್ರಿ ಸಾಕು. ಸೀಸ ಹೊಳೆಯುತ್ತಾ ಕಾಲಿನ ಸುತ್ತ ಹರಿದುಬಿಡುತ್ತದೆ. 60:40 ಸೀಸದ ತಂತಿ ಕರಗುವುದು 190 ಡಿಗ್ರಿಯೊಳಗೇ. ಅಂದಹಾಗೆ, ನಾವು ಸೀಸ ಅಂತ ಕರೆದರೂ ಅದರಲ್ಲಿ 60 ಪಾಲು ತವರ.

ಹಾಗಾದರೆ ಸ್ಟೇಷನ್, ಅಂದರೆ ಬಿಸಿ ಇಷ್ಟೇ ಇರಲಿ ಎಂದು ತಿರುಗಿಸಿ ಇಡಬಹುದಾದ ಐರನ್, ಯಾಕೆ ಬೇಕು? ನಮ್ಮ ಕಡೆ ವೋಲ್ಟೇಜಿಗಾಗಿ ಬೇಕು. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡಿ 230 ಇದ್ದದ್ದು 180ಕ್ಕೆ ಇಳಿದರೆ, 25 ವ್ಯಾಟಿನ ಸಾದಾ ಐರನ್ 15 ವ್ಯಾಟಿನದಾಗುತ್ತದೆ. ಸ್ಟೇಷನ್ ಆದರೆ ಬಿಸಿ ಎಷ್ಟಿದೆ ಎಂದು ಅಳೆದು, ಕಮ್ಮಿಯಾದಷ್ಟು ತಾನೇ ತುಂಬುತ್ತದೆ.

936 ಮಾದರಿಯ ಸ್ಟೇಷನ್ನಿನಲ್ಲಿ ಬಿಟ್ ಟೊಪ್ಪಿಗೆಯ ಹಾಗೆ ಹೀಟರಿನ ಮೇಲೆ ಕೂರುತ್ತದೆ, ಬಿಟ್ ಅಗ್ಗ. ಕಲಿಯುವವರಿಗೆ ಇದೇ ಸಾಕು. ಟಿ12 ಮಾದರಿಯದರಲ್ಲಿ ಹೀಟರ್ ಬಿಟ್ಟಿನೊಳಗೇ ಇರುತ್ತದೆ, ಕಾವು ಬೇಗ ಮೂತಿಗೆ ಬರುತ್ತದೆ, ಬಿಟ್ ತುಟ್ಟಿ. ಯಾವುದೇ ಇರಲಿ, ಮೂರು ಪಿನ್ನಿನ ಪ್ಲಗ್ ಇರಬೇಕು, ಗೋಡೆಯ ಸಾಕೆಟ್ಟಿಗೆ ನಿಜವಾಗಿ ಅರ್ಥಿಂಗ್ ಇರಬೇಕು. ಇಲ್ಲದಿದ್ದರೆ ಬೋರ್ಡಿನ ಐಸಿ ಚಿಪ್ ಸುಡುವ ಭಯ.

ನನ್ನದೂ ಒಂದು ದಡ್ಡತನ ಹೇಳಿಬಿಡ್ತೀನಿ. ಮೊದಲ ಸ್ಟೇಷನ್ನಿನ ಬಿಟ್ ಕಪ್ಪಾಯಿತು, ಸೀಸ ಹಿಡಿಯಲಿಲ್ಲ. ನಮ್ಮ ಉಸ್ತಾದರು ಮಾಡುತ್ತಿದ್ದ ಹಾಗೆ ಅರ ತಗೊಂಡು ಉಜ್ಜಿದೆ. ಅವರದು ಬರೀ ತಾಮ್ರದ ಬಿಟ್, ಉಜ್ಜಿದರೆ ಹೊಸದಾಗುತ್ತಿತ್ತು. ನನ್ನದರಲ್ಲಿ ತಾಮ್ರದ ಮೇಲೆ ಕಬ್ಬಿಣದ ತೆಳು ಲೇಪ. ಅದು ಹೋಗಿ, ಕರಗಿದ ಸೀಸ ತಾಮ್ರವನ್ನೇ ತಿನ್ನತೊಡಗಿತು. ವಾರದಲ್ಲಿ ಮೂತಿಗೆ ಗುಂಡಿ ಬಿತ್ತು. ಕಪ್ಪಾದರೆ ಹಿತ್ತಾಳೆ ತಂತಿಯ ಉಂಡೆಯಲ್ಲಿ ಚುಚ್ಚಿ ಒರೆಸಿ, ತಕ್ಷಣ ಸೀಸ ಹಚ್ಚಿ. ರಾತ್ರಿ ಅಂಗಡಿ ಮುಚ್ಚುವಾಗಲೂ ಅಷ್ಟೇ: ಮೂತಿಗೆ ದಪ್ಪಗೆ ಸೀಸ ಬಳಿದು, ಆಮೇಲೆ ಸ್ವಿಚ್ ಆರಿಸಿ.

ನಮಸ್ಕಾರ.