ಲಟಕ್ ಅನ್ನಿಸುವವರಿಗೆ ಲೈಸೆನ್ಸ್ ಕೊಡುವವರು ಯಾರು?

ಹಿರಿಯರೆ, ಸ್ನೇಹಿತರೆ, ಎಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ಬೆನ್ನುನೋವಿನ ಬಗ್ಗೆ ಮಾತಾಡಲು ಪೀಠಿಕೆ ಬೇಕಿಲ್ಲ. ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಎತ್ತುವ ಹಮಾಲಿಗಳಿದ್ದೀರಿ. ಕೆಜಿಎಫ್, ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ನಿಂತೇ ಬೆಂಗಳೂರಿಗೆ ಹೋಗಿಬರುವವರಿದ್ದೀರಿ. ಹಸು ಕಟ್ಟಿರುವ ಹೆಂಗಸರಿದ್ದೀರಿ. ಸೊಂಟ ಹಿಡಿಯದವರು ಯಾರಿದ್ದಾರೆ ಹೇಳಿ? ಮೊದಲೆಲ್ಲ ಸೊಂಟ ಹಿಡಿದರೆ ಊರಲ್ಲೇ ಉಳುಕು ತೆಗೆಯುವವರು ಇದ್ದರು. ಕೈಕಾಲು ಮುರಿದರೆ ಆಂಧ್ರದ ಪುತ್ತೂರು ಕಟ್ಟು. ಈಗ ಫೋನಿನಲ್ಲಿ ರೀಲ್ಸ್ ಬರುತ್ತವೆ. ಒಬ್ಬರು ಮಲಗಿರುತ್ತಾರೆ, ಇನ್ನೊಬ್ಬರು ಕತ್ತು ಹಿಡಿದು ತಿರುಗಿಸುತ್ತಾರೆ, ಲಟಕ್ ಅಂತ ಸದ್ದು. ಕೆಳಗೆ ಬುಕಿಂಗ್ ನಂಬರ್. ಹೀಗೆ ಬೆನ್ನು, ಕತ್ತು ಒತ್ತಿ ತಿರುಗಿಸುವವರಿಗೆ ಕೈರೋಪ್ರಾಕ್ಟರ್ ಎನ್ನುತ್ತಾರೆ, ಆ ಮಾತು ನಮ್ಮ ಕಡೆಗೂ ಬಂದಿದೆ.

ನಾನು ವಕೀಲ, ಡಾಕ್ಟರ್ ಅಲ್ಲ. ಆ ಚಿಕಿತ್ಸೆ ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ ಎಂದು ಹೇಳಲು ಬಂದಿಲ್ಲ. ನಿಮ್ಮ ಕತ್ತಿಗೆ ಕೈ ಹಾಕುವ ಹಕ್ಕನ್ನು ಅವರಿಗೆ ಕೊಟ್ಟವರು ಯಾರು, ಎಡವಟ್ಟಾದರೆ ಯಾರನ್ನು ಕೇಳಬೇಕು, ಇಷ್ಟೇ ನನ್ನ ವಿಷಯ.

ಈ ಚಿಕಿತ್ಸೆ ಶುರುವಾಗಿದ್ದು ಅಮೆರಿಕದಲ್ಲಿ, 1895ರಲ್ಲಿ. ಅಯೋವಾ ರಾಜ್ಯದ ಡಾವೆನ್‌ಪೋರ್ಟ್ ಎಂಬ ಊರು. ಡಿ.ಡಿ. ಪಾಮರ್ ಅಲ್ಲಿ ಕಾಂತಶಕ್ತಿಯ ಚಿಕಿತ್ಸೆ ಎಂದು ಹೇಳಿಕೊಂಡು ರೋಗಿಗಳನ್ನು ನೋಡುತ್ತಿದ್ದರು. ಅದೇ ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದ ಹಾರ್ವಿ ಲಿಲಾರ್ಡ್ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬೆನ್ನುಮೂಳೆ ಒತ್ತಿ ಕಿವುಡು ವಾಸಿ ಮಾಡಿದೆ ಎಂದು ಪಾಮರ್ ಹೇಳಿಕೊಂಡರು. ಕಿವಿಯ ನರ ತಲೆಬುರುಡೆಯೊಳಗೇ ಮೆದುಳಿಗೆ ಹೋಗುತ್ತೆ, ಬೆನ್ನುಮೂಳೆ ದಾರಿಯಲ್ಲಿ ಬರುವುದೇ ಇಲ್ಲ. ಇರಲಿ ಬಿಡಿ. 1906ರಲ್ಲಿ ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದರೆಂದು ಕೋರ್ಟು ಅವರಿಗೆ ದಂಡ ಹಾಕಿತು. ಕಟ್ಟಲ್ಲ ಅಂದರು, ಜೈಲಿಗೆ ಹೋದರು.

ಮರುವರ್ಷದ ಕೇಸು ನನಗೆ ಇನ್ನೂ ಇಷ್ಟ. ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಎಂಬಲ್ಲಿ ಮೊರಿಕುಬೊ ಎಂಬ ಜಪಾನಿ ಮೂಲದ ಕೈರೋಪ್ರಾಕ್ಟರ್ ಮೇಲೆ ಕೇಸಾಯಿತು. ಅವರ ವಕೀಲ ಟಾಮ್ ಮಾರಿಸ್ ಬಲು ಚಾಲಾಕಿ. ನಮ್ಮ ಕಕ್ಷಿದಾರರು ಮಾಡುವುದು ವೈದ್ಯವೇ ಅಲ್ಲ, ಮೂಳೆ, ಕೀಲುಗಳನ್ನು ಕೈಯಿಂದಲೇ ಒತ್ತಿ ಮಾಡುವ ಇನ್ನೊಂದು ಪದ್ಧತಿಯಾದ ಆಸ್ಟಿಯೋಪಥಿಯೂ ಅಲ್ಲ, ಇದೇ ಬೇರೆ ವಿದ್ಯೆ, ಹಾಗಾಗಿ ಆ ಲೈಸೆನ್ಸ್ ಇವರಿಗೆ ಬೇಕಿಲ್ಲ ಎಂದು ವಾದಿಸಿದರು. ಗೆದ್ದರು. ವಕೀಲನಾಗಿ ಮೆಚ್ಚಿಕೊಳ್ಳುತ್ತೇನೆ. ಆದರೆ ರೋಗಿಯ ಕಡೆಯಿಂದ ನೋಡಿ. ವೈದ್ಯವೇ ಅಲ್ಲ ಅಂದಮೇಲೆ ವೈದ್ಯರ ಮಂಡಳಿ ಕೇಳುವ ಹಾಗಿಲ್ಲ. ಬೇರೆ ಮಂಡಳಿಯೂ ಇಲ್ಲ. ಹಾಗಾದರೆ ದೂರು ಎಲ್ಲಿಗೆ ಹೋಗಬೇಕು?

ವಾದ ಗೆದ್ದ ಮೇಲೂ ಕೇಸುಗಳು ನಿಲ್ಲಲಿಲ್ಲ. ಕೊನೆಗೆ ಕೈರೋಪ್ರಾಕ್ಟರುಗಳೇ ನಮಗೊಂದು ಪ್ರತ್ಯೇಕ ಕಾನೂನು ಕೊಡಿ ಎಂದು ಸರ್ಕಾರಗಳನ್ನು ಕೇಳತೊಡಗಿದರು. 1913ರಲ್ಲಿ ಕ್ಯಾನ್ಸಾಸ್ ರಾಜ್ಯ ಮೊದಲ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ 1922ರಲ್ಲಿ ಜನರೇ ವೋಟು ಹಾಕಿ ಪಾಸು ಮಾಡಿದರು. 1925ರಿಂದ ಕೆಲವು ರಾಜ್ಯಗಳು ಹೊಸ ಷರತ್ತು ತಂದವು: ಯಾವ ಪದ್ಧತಿಯವರೇ ಆಗಲಿ, ಮೊದಲು ಅಂಗರಚನೆ, ರಸಾಯನಶಾಸ್ತ್ರದಂಥ ಮೂಲ ವಿಷಯಗಳಲ್ಲಿ ಪರೀಕ್ಷೆ ಪಾಸಾಗಬೇಕು. ಬಹಳ ಕೈರೋಪ್ರಾಕ್ಟರುಗಳು ಅಲ್ಲಿ ಎಡವಿದರು. ವೈದ್ಯರ ಸಂಘವಂತೂ ಇವರ ಜೊತೆ ಸೇರಲೇಬೇಡಿ ಎಂದು ತನ್ನ ಸದಸ್ಯರಿಗೆ ಹೇಳಿತ್ತು. ಅದು ಕಾನೂನುಬಾಹಿರ ಬಹಿಷ್ಕಾರ ಎಂದು 1987ರಲ್ಲಿ ಫೆಡರಲ್ ಕೋರ್ಟು ತೀರ್ಪು ಕೊಟ್ಟಿತು. ಅಷ್ಟರಲ್ಲಿ 1974ರಲ್ಲಿ ಲೂಯಿಸಿಯಾನಾ ಕೂಡ ಲೈಸೆನ್ಸ್ ಕೊಟ್ಟು ಐವತ್ತೂ ರಾಜ್ಯ ಮುಗಿದಿದ್ದವು. ಮೊದಲ ರಾಜ್ಯದಿಂದ ಕೊನೆಯ ರಾಜ್ಯಕ್ಕೆ 61 ವರ್ಷ!

ಆ ಲೈಸೆನ್ಸಿನಲ್ಲಿ ಏನಿರುತ್ತೆ? ಇಂಥ ಕಾಲೇಜಿನಲ್ಲಿ ಓದಿರಬೇಕು, ಪರೀಕ್ಷೆ ಪಾಸಾಗಿರಬೇಕು, ಆಗಾಗ ನವೀಕರಣ ಮಾಡಿಸಬೇಕು. ಇವು ಎಲ್ಲ ಕಡೆ ಇರುವಂಥವೇ. ಮುಖ್ಯವಾದದ್ದು ಏನು ಮಾಡಬಾರದು ಎಂಬ ಗೆರೆ. ಸಾಮಾನ್ಯವಾಗಿ ಔಷಧಿ ಬರೆಯುವಂತಿಲ್ಲ, ಆಪರೇಷನ್ ಮಾಡುವಂತಿಲ್ಲ. ಆದರೆ ಆರೆಗಾನ್ ರಾಜ್ಯದಲ್ಲಿ ಚಿಕ್ಕಪುಟ್ಟ ಶಸ್ತ್ರಚಿಕಿತ್ಸೆಗೂ ಅವಕಾಶವಿದೆ. ಅದೇ ಡಿಗ್ರಿ, ಅದೇ ಕೈ. ರಾಜ್ಯದ ಗಡಿ ದಾಟಿದರೆ ಗೆರೆ ಬದಲಾಗುತ್ತೆ. ಗೆರೆ ದಾಟಿದರೆ ಮಂಡಳಿ ಲೈಸೆನ್ಸ್ ಕಿತ್ತುಕೊಳ್ಳುತ್ತೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ. ಲೈಸೆನ್ಸ್ ಕೊಟ್ಟರೆ ಸರ್ಕಾರವೇ ಆ ಚಿಕಿತ್ಸೆಗೆ ಸೀಲು ಹಾಕಿದಂತೆ ಆಗಲ್ವಾ? ಹೌದು, ಜನ ಹಾಗೇ ತಿಳಿಯುತ್ತಾರೆ. ಹಳೆಯ ಸೊಂಟನೋವಿಗೆ ಬೆನ್ನು ಒತ್ತುವ ಚಿಕಿತ್ಸೆಯಿಂದ ಸ್ವಲ್ಪ ಮಟ್ಟಿಗೆ ಉಪಯೋಗವಿದೆ, ವ್ಯಾಯಾಮದಂಥ ಬೇರೆ ಚಿಕಿತ್ಸೆಗಳಿಗಿಂತ ಭಾರಿ ಹೆಚ್ಚೇನಲ್ಲ. ಆಸ್ತಮಾ ವಾಸಿಯಾಗುತ್ತೆ, ಮಗುವಿನ ಹೊಟ್ಟೆನೋವು ಹೋಗುತ್ತೆ ಎಂಬ ಮಾತಿಗೆ ಆಧಾರವಿಲ್ಲ. ಲೈಸೆನ್ಸ್ ಇದ್ದವರೂ ಈ ಮಾತು ಆಡುತ್ತಾರೆ.

ಇಂಗ್ಲೆಂಡಿನಲ್ಲಿ ಹೀಗೇ ಆಯಿತು. ಅಲ್ಲಿ 1994ರಲ್ಲಿ ಕಾಯ್ದೆ ಬಂದು ಕೈರೋಪ್ರಾಕ್ಟರುಗಳ ಪರಿಷತ್ತು ಹುಟ್ಟಿತು. 2008ರಲ್ಲಿ ಸೈಮನ್ ಸಿಂಗ್ ಎಂಬ ವಿಜ್ಞಾನ ಲೇಖಕರು ಮಕ್ಕಳ ಕಾಯಿಲೆ ವಾಸಿ ಮಾಡುತ್ತೇವೆ ಎಂಬ ಜಂಬವನ್ನು ಪತ್ರಿಕೆಯಲ್ಲಿ ಪ್ರಶ್ನಿಸಿದರು. ಕೈರೋಪ್ರಾಕ್ಟರುಗಳ ಸಂಘ ಮಾನನಷ್ಟ ಕೇಸು ಹಾಕಿತು, 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ ಓದುಗರು ಇಂಥ ಜಾಹೀರಾತುಗಳ ಮೇಲೆ ನೂರಾರು ದೂರುಗಳನ್ನು ಪರಿಷತ್ತಿಗೆ ಕಳಿಸಿದ್ದರು. ಪರಿಷತ್ತು ಇದ್ದಿದ್ದರಿಂದ ತಾನೆ ದೂರು ಕೊಡಲು ಒಂದು ಬಾಗಿಲು ಇದ್ದದ್ದು? ಲೈಸೆನ್ಸ್ ಅಂದರೆ ಚಿಕಿತ್ಸೆಗೆ ಕೊಟ್ಟ ಬಹುಮಾನ ಅಲ್ಲ. ಹಿಡಿದು ಕೇಳಲು ಒಂದು ಜುಟ್ಟು, ಅಷ್ಟೇ.

ನಮ್ಮಲ್ಲಿ ಆ ಜುಟ್ಟು ಇಲ್ಲ. ಎಂಬಿಬಿಎಸ್ ಡಾಕ್ಟರಿಗೆ ವೈದ್ಯಕೀಯ ಪರಿಷತ್ತಿದೆ. ಆಯುರ್ವೇದದವರಿಗೂ ನೋಂದಣಿ ಮಂಡಳಿಯಿದೆ. ಫಿಸಿಯೋಥೆರಪಿಯವರನ್ನು 2021ರ ಕೇಂದ್ರ ಕಾಯ್ದೆ ತನ್ನ ವ್ಯಾಪ್ತಿಗೆ ತಂದಿದೆ. ಕೈರೋಪ್ರಾಕ್ಟರಿಗೆ ಅಂತಲೇ ಒಂದು ಪರಿಷತ್ತು ದೇಶದಲ್ಲೆಲ್ಲೂ ಇಲ್ಲ. ವಿದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವರೂ ವಾರಾಂತ್ಯದ ಕೋರ್ಸ್ ಮಾಡಿದವರೂ ಒಂದೇ ಥರದ ಬೋರ್ಡ್ ಹಾಕಬಹುದು. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ಕುಗಳು 2007ರ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಬೇಕು. ಅಲೋಪಥಿ ಬೋರ್ಡಿಗೆ ತಿಳಿನೀಲಿ, ಆಯುರ್ವೇದದ್ದಕ್ಕೆ ಹಸಿರು ಎಂದು ಬಣ್ಣವನ್ನೂ ಹೇಳಿದ್ದಾರೆ. ಲಟಕ್‌ಗೆ ಯಾವ ಬಣ್ಣ?

ಹಾಗಂತ ಎಲ್ಲರನ್ನೂ ಜೈಲಿಗೆ ಹಾಕಿ ಎಂದು ನಾನು ಹೇಳಲ್ಲ. ಪಾಮರ್ ಕಾಲದಲ್ಲಿ ಅದನ್ನು ಮಾಡಿ ನೋಡಿದ್ದಾರೆ, ಜೈಲಿಗೆ ಹೋದವರು ಹೀರೋ ಆದರು. ನನ್ನ ಪ್ರಕಾರ ಕತ್ತಿನಿಂದ ಶುರು ಮಾಡಬೇಕು. ಕತ್ತಿನಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಜೋರಾಗಿ ತಿರುಗಿಸಿದರೆ ಅಪರೂಪಕ್ಕೆ ಅವು ಒಳಗೇ ಸೀಳಿ ಸ್ಟ್ರೋಕ್ ಆಗುತ್ತೆ. 2024ರಲ್ಲಿ ಬಳ್ಳಾರಿಯ ಯುವಕರೊಬ್ಬರಿಗೆ ಕಟಿಂಗ್ ಶಾಪಿನಲ್ಲಿ ಕತ್ತು ತಿರುಗಿಸಿಕೊಂಡ ಮೇಲೆ ಹೀಗಾಯಿತೆಂದು ಪತ್ರಿಕೆಗಳಲ್ಲಿ ಬಂದಿತ್ತು. ನೋಂದಣಿ ಇಲ್ಲದವರು ದುಡ್ಡು ತಗೊಂಡು ಯಾರ ಕತ್ತನ್ನೂ ತಿರುಗಿಸಬಾರದು ಎಂಬ ಒಂದು ಸಾಲಿನ ನಿಯಮವಾದರೂ ಬರಲಿ. ಪೂರ್ತಿ ಕಾನೂನು ಆಮೇಲೆ ನೋಡೋಣ.

ಅಲ್ಲಿಯವರೆಗೆ? ಯಾವ ಪರಿಷತ್ತು, ನೋಂದಣಿ ನಂಬರ್ ಎಷ್ಟು ಎಂದು ಕೇಳಿ. ಉತ್ತರ ಬಂದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಎಡವಟ್ಟಾದರೆ ಗ್ರಾಹಕರ ಆಯೋಗವಿದೆ. ದುಡ್ಡು ತಗೊಂಡು ಕೊಡುವ ಚಿಕಿತ್ಸೆಯೂ ಒಂದು ಸೇವೆ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಕೊಟ್ಟ ಫೀಸು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ದುಡ್ಡು ಕೊಟ್ಟದ್ದಕ್ಕೆ ಪುರಾವೆ ಬೇಕು. ಬಿಲ್ ಕೇಳಿ. ಕೊಡದಿದ್ದರೆ ನಗದು ಕೊಡಬೇಡಿ, ಫೋನಿನಲ್ಲೇ ಕಳಿಸಿ, ಆ ಮೆಸೇಜ್ ಅಳಿಸಬೇಡಿ.