ಮೂರು ವಾದ್ಯ, ಮೂರು ಬಟನ್: ಜಾಲಪುಟದಲ್ಲಿ ತೆಂಕುತಿಟ್ಟಿನ ಹಿಮ್ಮೇಳ

ಎಲ್ಲರಿಗೂ ನಮಸ್ಕಾರ.

ಮಲ್ಟಿಮೀಡಿಯಾ ಪ್ರಾಜೆಕ್ಟ್ ಅಂದ ಕೂಡಲೇ ಕಾಲೇಜುಗಳಲ್ಲಿ ತಯಾರಾಗುವ ಪುಟ ಹೆಚ್ಚುಕಡಿಮೆ ಒಂದೇ ತರಹ. ಮೇಲೆ ಜಾರುವ ಚಿತ್ರಗಳು, ನಡುವೆ ಒಂದು ವಿಡಿಯೋ, ಹಿನ್ನೆಲೆಯಲ್ಲಿ ತಾನಾಗಿ ಶುರುವಾಗಬೇಕಿದ್ದ, ಆದರೆ ಶುರುವಾಗದ ಸಂಗೀತ. ಅಂಥ ಪುಟದಲ್ಲಿ ನೋಡುವವರಿಗೆ ಮಾಡಲು ಕೆಲಸವೇ ಇಲ್ಲ. ಇಂಟರಾಕ್ಟಿವ್ ಅನ್ನಬೇಕಾದರೆ ಬೆರಳು ಒತ್ತಿದ್ದರಿಂದಲೇ ಒಂದು ಹೊಸ ಸಂಗತಿ ತಿಳಿಯಬೇಕು, ಒತ್ತದಿದ್ದರೆ ತಿಳಿಯಬಾರದು.

ಇದಕ್ಕೆ ಒಂದು ಉದಾಹರಣೆಯನ್ನೇ ಕೊನೆಯವರೆಗೆ ಹಿಡಿದುಕೊಳ್ಳೋಣ. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಚೆಂಡೆ, ಮದ್ದಳೆ, ಚಕ್ರತಾಳ ಒಟ್ಟಿಗೆ ಬರುತ್ತವೆ. ಹೊಸಬರ ಕಿವಿಗೆ ಚೆಂಡೆಯ ಅಬ್ಬರವೊಂದೇ ಕೇಳುತ್ತದೆ. ಮದ್ದಳೆ ಏನು ಮಾಡುತ್ತಿದೆ ಅನ್ನುವುದು ಗೊತ್ತಾಗುವುದಿಲ್ಲ. ಹಾಗಾಗಿ ಪುಟದಲ್ಲಿ ಮೂರು ಬಟನ್. ಚೆಂಡೆಯನ್ನು ಒತ್ತಿ ಸುಮ್ಮನಾಗಿಸಿದರೆ ಅದರ ಕೆಳಗಿದ್ದ ಮದ್ದಳೆ ಮೇಲೆ ಬರಬೇಕು, ತಾಳ ಮಾತ್ರ ಒಂದಿಷ್ಟೂ ತಪ್ಪಬಾರದು. ನಾಲ್ಕು ಜನರ ತಂಡಕ್ಕೆ ಒಂದು ಸೆಮಿಸ್ಟರಿಗೆ ಇಷ್ಟು ಕೆಲಸ ಧಾರಾಳವಾಯಿತು.

ಹಿಂದೆ ಇಂಥದಕ್ಕೆ ಫ್ಲ್ಯಾಶ್ ಅನ್ನುವ ತಂತ್ರಾಂಶ ಕಲಿಸುತ್ತಿದ್ದರು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದರ ಬೆಂಬಲ ನಿಲ್ಲಿಸಿತು. ಈಗ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಬ್ರೌಸರಿನ ಒಳಗೇ ಇರುವ, ಧ್ವನಿಯನ್ನು ನಿಭಾಯಿಸುವ ವೆಬ್ ಆಡಿಯೋ, ಇಷ್ಟು ಸಾಕು. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಒಂದೂ ಬೇಡ. ಧ್ವನಿ ಕತ್ತರಿಸಲು ಅಡಾಸಿಟಿ ಇದೆ.

ಕಷ್ಟ ಇರುವುದು ಧ್ವನಿಮುದ್ರಣದಲ್ಲಿ. ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮೂರು ಮೈಕ್ ಇಟ್ಟರೆ ಮದ್ದಳೆಯ ಮೈಕಿನಲ್ಲೂ ಚೆಂಡೆಯೇ ತುಂಬಿರುತ್ತದೆ. ಆಮೇಲೆ ಚೆಂಡೆಯ ಬಟನ್ ಆರಿಸಿದರೂ ಚೆಂಡೆ ಕೇಳುತ್ತಲೇ ಇರುತ್ತದೆ. ಆದ್ದರಿಂದ ಒಂದೊಂದನ್ನೇ ಮುದ್ರಿಸಬೇಕು. ಮೊದಲು ಚಕ್ರತಾಳ. ಉಳಿದ ಇಬ್ಬರು ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ನುಡಿಸಲಿ. ಯಂತ್ರದ ಟಿಕ್ ಟಿಕ್ ಕೊಡುವುದಕ್ಕಿಂತ ಇದು ವಾಸಿ, ಕಲಾವಿದರ ಕೈ ತಾಳದ ನಾದಕ್ಕೆ ಒಗ್ಗಿರುತ್ತದೆ. ನುಡಿಸುವ ಮೊದಲು ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ; 1957ರ ಕೃತಿಸ್ವಾಮ್ಯ ಕಾಯಿದೆಯ 38ನೇ ಕಲಮು ಪ್ರದರ್ಶನ ಕೊಡುವವರ ಹಕ್ಕನ್ನು ಬೇರೆಯಾಗಿಯೇ ಗುರುತಿಸುತ್ತದೆ.

ಪುಟದಲ್ಲಿ ಮತ್ತೆ ಮತ್ತೆ ಸುತ್ತಿಸಲು ಬೇಕಿರುವುದು ಎಂಟು ಆವರ್ತ, ಅಂದರೆ ತಾಳದ ಎಂಟು ಪೂರ್ತಿ ಸುತ್ತು, ಅಂದುಕೊಳ್ಳಿ. ಹತ್ತು ನುಡಿಸಿಸಿ. ಯಾಕೆಂದರೆ ಚಕ್ರತಾಳದ ನಾದಕ್ಕೆ ಉದ್ದದ ಬಾಲವಿದೆ. ಕೊನೆಯ ಪೆಟ್ಟಿನ ಬಾಲವನ್ನು ಕತ್ತರಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರೆ ಪ್ರತಿ ಸುತ್ತಿಗೂ ಅಲ್ಲೊಂದು ಗುಂಡಿ ಬಿದ್ದ ಹಾಗೆ ಕೇಳುತ್ತದೆ. ಹತ್ತು ಆವರ್ತವನ್ನೂ ಕಡತದಲ್ಲಿ ಉಳಿಸಿಕೊಂಡು ಎರಡರಿಂದ ಒಂಬತ್ತರವರೆಗೆ ಮಾತ್ರ ಸುತ್ತಿಸಿದರೆ, ಎರಡನೆಯದರ ಆರಂಭದಲ್ಲಿ ಒಂದನೆಯದರ ಬಾಲ ಆಗಲೇ ಸೇರಿರುತ್ತದೆ. ಕಿವಿಗೆ ಹೊಲಿಗೆ ಸಿಗುವುದಿಲ್ಲ. ಆವರ್ತಕ್ಕೆ 4 ಸೆಕೆಂಡು ಹಿಡಿದರೆ ಕಡತ 40 ಸೆಕೆಂಡು. ಕೋಡಿನಲ್ಲಿ ಸುತ್ತು ಶುರುವಾಗುವ ಜಾಗ, ಲೂಪ್‌ಸ್ಟಾರ್ಟ್, 4; ಮುಗಿಯುವ ಜಾಗ, ಲೂಪ್‌ಎಂಡ್, 36. ನಿಜವಾದ ಅಂಕಿಯನ್ನು ಚಕ್ರತಾಳದ ಅಲೆಯ ಚಿತ್ರ ನೋಡಿ ಅಳೆಯಿರಿ, ಅದೇ ಅಂಕಿಯನ್ನು ಮೂರಕ್ಕೂ ಕೊಡಿ. ಇದರಿಂದ ಇನ್ನೊಂದು ಲಾಭವೂ ಇದೆ. ಎಂಪಿ3 ಮಾಡುವಾಗ ಕಡತದ ತಲೆಗೂ ಬುಡಕ್ಕೂ ಚೂರು ಮೌನ ಅಂಟಿಕೊಳ್ಳುತ್ತದೆ. ಇಡೀ ಕಡತವನ್ನು ಸುತ್ತಿಸುವವರಿಗೆ ತಾಳ ಮುಗ್ಗರಿಸುವುದು ಅದರಿಂದಲೇ. ನಡುವಿನ ತುಂಡನ್ನು ಸುತ್ತಿಸುವವರಿಗೆ ಆ ತಾಪತ್ರಯವಿಲ್ಲ. ಮೂರನ್ನೂ ಒಂದೇ ತಂತ್ರಾಂಶದಲ್ಲಿ, ಒಂದೇ ಸೆಟ್ಟಿಂಗಿನಲ್ಲಿ ಪರಿವರ್ತಿಸಿದರೆ ಸಾಕು.

ತೂಕದ ಲೆಕ್ಕ: 40 ಸೆಕೆಂಡಿನ ಮೋನೋ (ಒಂದೇ ಚಾನೆಲ್ಲಿನ) ವೇವ್ ಕಡತ ಸುಮಾರು 3.5 ಎಂಬಿ. 96 ಕೆಬಿಪಿಎಸ್ ಎಂಪಿ3 ಮಾಡಿದರೆ 480 ಕೆಬಿ, ಮೂರಕ್ಕೂ ಸೇರಿ ಒಂದೂವರೆ ಎಂಬಿಯ ಒಳಗೆ. ಆದರೆ ಬ್ರೌಸರ್ ಅದನ್ನು ಬಿಚ್ಚಿದಾಗ ಮೆಮೊರಿಯಲ್ಲಿ ಒಂದೊಂದೂ 7 ಎಂಬಿ ಆಗುತ್ತದೆ. ಸ್ಟೀರಿಯೋ ಮಾಡಿದರೆ ಅದರ ಎರಡರಷ್ಟು. ಒಂದು ಚೆಂಡೆಗೆ ಸ್ಟೀರಿಯೋ ಯಾಕೆ?

ಇನ್ನು ಕೋಡ್. ಮೂರು ಆಡಿಯೋ ಟ್ಯಾಗ್ ಹಾಕಿ ಮೂರಕ್ಕೂ ಪ್ಲೇ ಅಂದರೆ ಕೆಲಸ ಆಗುವುದಿಲ್ಲ. ಅವು ಒಂದೇ ಕ್ಷಣದಲ್ಲಿ ಹೊರಡುತ್ತವೆ ಅನ್ನುವ ಖಾತ್ರಿಯಿಲ್ಲ, ಹೊರಟ ಮೇಲೂ ಜೊತೆಯಾಗಿ ಇರುತ್ತವೆ ಅನ್ನುವಂತಿಲ್ಲ. ವೆಬ್ ಆಡಿಯೋದಲ್ಲಿ ಮೂರು ಕಡತಗಳನ್ನೂ ಮೊದಲು ಪೂರ್ತಿ ಇಳಿಸಿ, ಬಿಚ್ಚಿಟ್ಟುಕೊಂಡು, ಆಡಿಯೋ ಗಡಿಯಾರದ ಈಗಿನ ಸಮಯಕ್ಕೆ 0.1 ಸೆಕೆಂಡು ಕೂಡಿಸಿ ಮೂರಕ್ಕೂ ಅದೇ ಮುಹೂರ್ತ ಕೊಡಬೇಕು. ಬಟನ್ ಒತ್ತಿದಾಗ ವಾದ್ಯವನ್ನು ನಿಲ್ಲಿಸಬೇಡಿ. ಅದು ಓಡುತ್ತಲೇ ಇರಲಿ, ಅದರ ಗೇನ್, ಅಂದರೆ ಸದ್ದಿನ ಮಟ್ಟ, ಮಾತ್ರ ಸೊನ್ನೆಗೆ ಇಳಿಯಲಿ. ಅದೂ ಒಮ್ಮೆಗೇ ಅಲ್ಲ, 20–30 ಮಿಲಿಸೆಕೆಂಡಿನಲ್ಲಿ. ಒಮ್ಮೆಗೇ ಇಳಿಸಿದರೆ ಸ್ಪೀಕರಿನಲ್ಲಿ ಟಿಕ್ ಅನ್ನುತ್ತದೆ.

ಪುಟ ತೆರೆದ ಕೂಡಲೇ ಸದ್ದು ಬರಲಿ ಅಂತ ಹಟ ಹಿಡಿಯಬೇಡಿ. ಬಳಕೆದಾರರು ಒಮ್ಮೆ ಮುಟ್ಟುವ ತನಕ ವೆಬ್ ಆಡಿಯೋದ ಇಡೀ ವ್ಯವಸ್ಥೆ (ಆಡಿಯೋ ಕಾಂಟೆಕ್ಸ್ಟ್) ಅಮಾನತಿನಲ್ಲೇ ಇರುತ್ತದೆ. 'ಹಿಮ್ಮೇಳ ಶುರು' ಅಂತ ದೊಡ್ಡ ಬಟನ್ ಇಟ್ಟು, ಅದನ್ನು ಒತ್ತಿದಾಗ ಆ ಅಮಾನತು ತೆಗೆಯುವ ರೆಸ್ಯೂಮ್ ಆದೇಶವನ್ನು ಕರೆಯಿರಿ.

ತಾಳದ ಬಾಯಿಪಾಠ, ಅಂದರೆ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಅಕ್ಷರಗಳು, ತೆರೆಯ ಮೇಲೆ ಅಕ್ಷರ ಅಕ್ಷರವಾಗಿ ಬೆಳಗಬೇಕು ಅನ್ನುವ ಆಸೆ ಸಹಜ. ಇಲ್ಲಿ ಕನ್ನಡ ಬಲ್ಲವರಿಗಷ್ಟೇ ಕಾಣುವ ತಪ್ಪೊಂದಿದೆ. 'ತಕ್ಕಿಟ' ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಆರು ಯೂನಿಕೋಡ್ ಸಂಕೇತ: ತ, ಕ, ವಿರಾಮ (್), ಕ, ಗುಡಿಸು (ಿ), ಟ. ಅಂತರಜಾಲದಲ್ಲಿ ಸಿಗುವ ಇಂಗ್ಲಿಷ್ ಮಾದರಿಯ ಕೋಡ್ ಅದನ್ನು ಆರು ತುಂಡು ಮಾಡಿ ಒತ್ತಕ್ಷರವನ್ನು ಒಡೆದುಹಾಕುತ್ತದೆ. ಇರುವುದೇ ಹತ್ತಿಪ್ಪತ್ತು ಅಕ್ಷರ, ಪ್ರತಿಯೊಂದನ್ನೂ ಕೈಯಲ್ಲೇ ಎಚ್‌ಟಿಎಂಎಲ್‌ನ ಬೇರೆ ಬೇರೆ ಸ್ಪ್ಯಾನ್ ಟ್ಯಾಗಿನಲ್ಲಿ ಇಡಿ. ಸಾಲಿನ ಎತ್ತರ 1.7ರಷ್ಟಿರಲಿ, ಇಲ್ಲದಿದ್ದರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಬೆಳಗುವ ಹೊತ್ತನ್ನು ಜಾವಾಸ್ಕ್ರಿಪ್ಟಿನ ಟೈಮರ್ ಆದ ಸೆಟ್‌ಇಂಟರ್ವಲ್‌ಗೆ ಒಪ್ಪಿಸಬೇಡಿ, ಅದು ನಾಲ್ಕೇ ಆವರ್ತದಲ್ಲಿ ತಾಳ ಬಿಟ್ಟರೂ ಬಿಟ್ಟೀತು. ತೆರೆ ಹೊಸದಾಗಿ ಮೂಡುವ ಪ್ರತಿ ಚೌಕಟ್ಟಿನಲ್ಲೂ (ಫ್ರೇಮ್) ಆಡಿಯೋ ಗಡಿಯಾರವನ್ನೇ ಕೇಳಿ, ಈಗ ಯಾವ ಅಕ್ಷರ ಅಂತ ಲೆಕ್ಕ ಹಾಕಿ.

ಬಟನ್‌ಗಳ ಬಗ್ಗೆ ಎರಡೇ ಮಾತು. 48 ಪಿಕ್ಸೆಲ್‌ಗಿಂತ ಚಿಕ್ಕದು ಬೇಡ. ಹಸಿರು–ಕೆಂಪು ಬಣ್ಣವೊಂದನ್ನೇ ನಂಬದೆ 'ಚೆಂಡೆ: ಕೇಳುತ್ತಿದೆ' ಅಂತ ಬರೆದೂ ತೋರಿಸಿ.

ಲ್ಯಾಬಿನಲ್ಲಿ ಓಡಿದ್ದು ಸರ್ವರಿಗೆ ಹೋದ ಮೇಲೆ ಮೌನವಾದರೆ ಮೊದಲು ಕಡತದ ಹೆಸರು ನೋಡಿ. ಹೆಸರಿನಲ್ಲಿ ದೊಡ್ಡಕ್ಷರ–ಸಣ್ಣಕ್ಷರ ಬೇರೆಯಾಗಿದ್ದರೂ ವಿಂಡೋಸ್ ಸಹಿಸಿಕೊಳ್ಳುತ್ತದೆ, ಲಿನಕ್ಸ್ ಸಹಿಸುವುದಿಲ್ಲ. ತಿರುವುಮುರುವೂ ಆಗುವುದುಂಟು: ಕಡತವನ್ನು ಫೋಲ್ಡರಿನಿಂದ ನೇರವಾಗಿ ಎರಡು ಸಲ ಕ್ಲಿಕ್ಕಿಸಿ ತೆರೆದರೆ ಬ್ರೌಸರ್ ಧ್ವನಿ ಕಡತಗಳನ್ನು ಎತ್ತಿಕೊಳ್ಳಲು ಬಿಡುವುದಿಲ್ಲ. ಪೈಥಾನಿನಲ್ಲಿ ಒಂದೇ ಸಾಲಿನ ಸ್ಥಳೀಯ ಸರ್ವರ್ ಇದೆ, ಅದರಿಂದ ತೆರೆಯಿರಿ. ಕೊನೆಗೆ ಎರಡು ಮೂರು ಬೇರೆ ಬೇರೆ ಫೋನಿನಲ್ಲಿ ಪರೀಕ್ಷಿಸಿ. ಬ್ಲೂಟೂತ್ ಇಯರ್‌ಫೋನಿನಲ್ಲಿ ಸದ್ದು ತಡವಾಗಿ ಬಂದು ಅಕ್ಷರ ಮುಂದೆ ಓಡಿದಂತೆ ಕಾಣುತ್ತದೆ. ಅದು ನಿಮ್ಮ ಕೋಡಿನ ತಪ್ಪಲ್ಲ. ಐಫೋನಿನಲ್ಲಿ ಏನೂ ಕೇಳದಿದ್ದರೆ ಕೋಡ್ ತಿದ್ದಲು ಕೂರುವ ಮೊದಲು ಫೋನ್ ಸೈಲೆಂಟಿನಲ್ಲಿದೆಯೇ ಅಂತ ನೋಡಿಕೊಳ್ಳಿ.