ಅಕ್ಕನ ಟ್ಯಾಬ್ ರಿಪೇರಿ

ಮುಂಬೈಯ ಕೇಳುಗರಿಗೆಲ್ಲ ನಮಸ್ಕಾರ.

ಡೊಂಬಿವಲಿಯಲ್ಲಿರುವ ನಮ್ಮಕ್ಕನ ಹತ್ತಿರ ಒಂದು ಆಂಡ್ರಾಯ್ಡ್ ಟ್ಯಾಬ್ ಇದೆ. ಬೆಳಿಗ್ಗೆ ಪಂಚಾಂಗ, ಮಧ್ಯಾಹ್ನ ಹುಬ್ಬಳ್ಳಿ ಸುದ್ದಿ, ಎಲ್ಲ ಅದರಲ್ಲೇ. ಹೋದ ತಿಂಗಳು ಫೋನ್ ಮಾಡಿದಳು. 'ತಮ್ಮಾ, ಇಂಟರ್ನೆಟ್ ತೆಗದ್ರ ಸಾಕು, ಜೂಜಿನ ಪೇಜ್ ಬರ್ತದ. ಮೊಮ್ಮಕ್ಕಳ ಮುಂದ ತೆಗೀಲಿಕ್ಕೆ ನಾಚಿಕಿ ಆಗ್ತದ.' ತಾನೇ ಏನೋ ತಪ್ಪು ಒತ್ತಿದೆ ಅಂತ ಮೂರು ವಾರ ಯಾರಿಗೂ ಹೇಳಿರಲಿಲ್ಲ. ನನಗೆ ಅದೇ ಜಾಸ್ತಿ ಸಂಕಟವಾಯಿತು.

ಭಾನುವಾರ ದಾದರ್‌ನಿಂದ ಹೊರಟೆ. ರೈಲು ಹಳಿ ದುರಸ್ತಿಯ ಮೆಗಾ ಬ್ಲಾಕ್ ಇತ್ತು, ತಲುಪುವಾಗ ಮಧ್ಯಾಹ್ನ.

ಮೊದಲು ಬ್ರೌಸರಿನ ಹಿಸ್ಟರಿ, ಸೈಟುಗಳು ಬಿಟ್ಟುಹೋಗುವ ಗುರುತುಗಳಾದ ಕುಕೀಸ್ ಅಳಿಸಿದೆ. ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಅಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್. ಹೆಸರೇ ಕೇಳದ ಹನ್ನೊಂದು ಸೈಟುಗಳಿಗೆ ಅನುಮತಿ ಇತ್ತು. ಎಲ್ಲ ತೆಗೆದೆ. 'ನಿಮ್ಮ ಟ್ಯಾಬ್‌ಗೆ ವೈರಸ್ ಬಂದಿದೆ' ಅಂತ ಮೇಲಿಂದ ಇಳಿಯುತ್ತಿದ್ದ ಎಚ್ಚರಿಕೆಗಳು ನಿಂತವು. ಆದರೆ ಚಹಾ ಮುಗಿಯುವಷ್ಟರಲ್ಲಿ ಜೂಜಿನ ಪೇಜ್ ಮತ್ತೆ ಹಾಜರ್.

ಟ್ಯಾಬನ್ನು ಮನೆಯ ವೈಫೈ ಬಿಡಿಸಿ ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಹಾಕಿದೆ. ಅಲ್ಲೂ ಅದೇ ಕಾಟ. ಅಂದರೆ ದೋಷ ಮನೆಯ ವೈಫೈಯದ್ದಲ್ಲ. ಮನೆಯ ಎಲ್ಲ ಫೋನುಗಳಲ್ಲೂ ಹೀಗಾಗುತ್ತಿದ್ದರೆ ವೈಫೈ ಕೊಡುವ ರೌಟರಿನಲ್ಲಿ ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೆಟ್ಟಿಂಗ್, ನೋಡಬೇಕಿತ್ತು. ಇಲ್ಲಿ ಹಾಗಿರಲಿಲ್ಲ.

ಆಮೇಲೆ ಸೇಫ್ ಮೋಡ್. ಪವರ್ ಬಟನ್ ಒತ್ತಿ ಹಿಡಿದು, ತೆರೆಯ ಮೇಲೆ ಬರುವ 'ಪವರ್ ಆಫ್' ಮೇಲೆ ಬೆರಳು ಹಾಗೇ ಇಟ್ಟರೆ ಬಹಳಷ್ಟು ಟ್ಯಾಬ್‌ಗಳು ಸೇಫ್ ಮೋಡ್ ಬೇಕಾ ಅಂತ ಕೇಳುತ್ತವೆ. ಆಗ ನಾವು ಹಾಕಿಕೊಂಡ ಆ್ಯಪ್‌ಗಳೆಲ್ಲ ಮಲಗಿರುತ್ತವೆ. ಅರ್ಧ ಗಂಟೆ ಕಾದೆವು. ಒಂದು ಪೇಜೂ ಬರಲಿಲ್ಲ. ಬ್ರೌಸರ್ ಎಷ್ಟು ತೊಳೆದರೂ ಯಾಕೆ ಹೋಗಲಿಲ್ಲ ಅಂತ ಆಗ ತಿಳಿಯಿತು. ಕಳ್ಳ ಕೂತಿದ್ದು ಬೇರೆ ಆ್ಯಪ್‌ನಲ್ಲಿ!

ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯನ್ನು ಇಬ್ಬರೂ ಒಂದೊಂದಾಗಿ ಓದಿದೆವು. ಜಾಗ ಖಾಲಿ ಮಾಡಿಕೊಡುವ 'ಕ್ಲೀನರ್' ಒಂದು ಸಿಕ್ಕಿತು. ಹೊರಗೆ ಅದರ ಐಕಾನೇ ಇರಲಿಲ್ಲ. ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿತ್ತು, ಒತ್ತಿದರೂ ಸುಮ್ನೆ. ಆ್ಯಪ್‌ಗೆ ಡಿವೈಸ್ ಅಡ್ಮಿನ್, ಅಂದರೆ ಟ್ಯಾಬಿನ ಮೇಲ್ವಿಚಾರಕನ ಅಧಿಕಾರ ಕೊಟ್ಟುಬಿಟ್ಟರೆ ಹೀಗಾಗುತ್ತದೆ. ಸೆಕ್ಯುರಿಟಿಯಲ್ಲಿ ಆ ಅಧಿಕಾರ ತೆಗೆದೆ. ಬಟನ್‌ಗೆ ಜೀವ ಬಂತು. ಆ್ಯಪ್ ಕಿತ್ತು ಹಾಕಿದೆ. ಬ್ರೌಸರಿನಿಂದಲೇ ಆ್ಯಪ್ ಹಾಕಿಕೊಳ್ಳುವ ಅನುಮತಿಯನ್ನೂ ಮುಚ್ಚಿದೆ. 'ಜಾಗ ಇಲ್ಲ ಅಂತ ಬಂತು, ಅದಕ್ಕ ಹಾಕ್ಕೊಂಡೆ' ಅಂದಳು ಅಕ್ಕ. ಯಾರಾದರೂ ಹಾಗೇ ಮಾಡುತ್ತಾರೆ, ಅಲ್ವಾ?

ಇದಕ್ಕೂ ಬಗ್ಗದಿದ್ದರೆ ಟ್ಯಾಬಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವ ಫ್ಯಾಕ್ಟರಿ ರಿಸೆಟ್ ಇದೆ. ಮೊದಲು ಫೋಟೊ ಬೇರೆ ಕಡೆ ಇಟ್ಟುಕೊಳ್ಳಿ. ಬ್ಯಾಕಪ್‌ನಿಂದ ಹಳೆ ಆ್ಯಪ್‌ಗಳನ್ನೆಲ್ಲ ಕಣ್ಣುಮುಚ್ಚಿ ತರಬೇಡಿ, ಕಳ್ಳನೂ ಜೊತೆಗೇ ಬಂದಾನು. ಇಂಥ ಪೇಜಿನಲ್ಲಿ ಕಾರ್ಡ್ ನಂಬರ್ ಕೊಟ್ಟು ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಟ್ಯಾಬ್ ಮತ್ತೆ ಮಾಮೂಲಿನಂತೆ ಆನ್ ಆಯಿತು. ಅಕ್ಕ ಬ್ರೌಸರ್ ತೆರೆದಳು. ಮುಚ್ಚಿ ಮತ್ತೆ ತೆರೆದಳು. ಪಂಚಾಂಗವೇ ಬಂತು. ಆಮೇಲೆ ಒಳಗಿದ್ದ ಮೊಮ್ಮಗಳನ್ನು ಕೂಗಿ ಕರೆದಳು.